ಮನಿಬಾಲ್‌ನ ಅಗ್ಗದ ಗುಟ್ಟು

'ಮನಿಬಾಲ್' ಸಿನಿಮಾ ನೋಡಿದವರೆಲ್ಲ ಹೇಳೋದು ಒಂದೇ: ಓಕ್ಲೆಂಡ್‌ನ ಬೇಸ್‌ಬಾಲ್ ತಂಡ ಯಾರಿಗೂ ಬೇಡವಾದ ಹ್ಯಾಟಿಬರ್ಗ್‌ನಂಥವರನ್ನ ಅಗ್ಗಕ್ಕೆ ಕೊಂಡು 2002ರಲ್ಲಿ 103 ಪಂದ್ಯ ಗೆದ್ದಿತು ಅಂತ. ನಾನಂತೂ ಒಪ್ಪಲ್ಲ. ಅದರಲ್ಲಿ 57 ಗೆಲುವು ಜೀಟೊ, ಮಲ್ಡರ್, ಹಡ್ಸನ್ ಅನ್ನೋ ಮೂರೇ ಪಿಚರ್‌ಗಳ (ನಮ್ಮ ಬೌಲರ್ ಇದ್ದಂಗೆ) ಹೆಸರಲ್ಲಿವೆ. ಸಿನಿಮಾದಲ್ಲಿ ಅವರೆಲ್ಲಿ, ಹುಡುಕಿ ನೋಡಿ!

ಮೂವರೂ ಡ್ರಾಫ್ಟ್‌ನಲ್ಲಿ ಆರಿಸ್ಕೊಂಡು ತಂಡವೇ ಬೆಳೆಸಿದ ಹುಡುಗರು. ಮೇಜರ್ ಲೀಗ್‌ನಲ್ಲಿ ಆರು ವರ್ಷ ಆಡೋತನಕ ಆಟಗಾರ ತನ್ನಿಷ್ಟದ ತಂಡ ಸೇರೋ ಹಾಗಿಲ್ಲ, ಹಾಗಾಗಿ ಸಂಬಳವೂ ಕಮ್ಮಿ. ಅಗ್ಗದ ಗುಟ್ಟು ಇದು... ಹ್ಯಾಟಿಬರ್ಗ್ ಒಳ್ಳೇ ಖರೀದಿಯೇ, ಇಲ್ಲ ಅನ್ನಲ್ಲ. ಆದ್ರೆ ಆ ವರ್ಷ ಅಮೆರಿಕನ್ ಲೀಗ್‌ನ ಎಂವಿಪಿ ಆದ ಟೆಹಾಡಾನೂ ಇದೇ ತಂಡದಲ್ಲಿ ಬೆಳೆದವನು. 2003ಕ್ಕೆ ಅವನ ಗಡುವು ಮುಗೀತು, ಬಾಲ್ಟಿಮೋರ್ ಆರು ವರ್ಷಕ್ಕೆ 7.2 ಕೋಟಿ ಡಾಲರ್ ಕೊಟ್ಟು ಕರ್ಕೊಂಡು ಹೋಯ್ತು. ನೀವೇನಂತೀರಿ?