ಕಿಟಕಿ ಬಿಸಿಲು ಸಾಲದ ಆಮೆ

ಮಾನ್ಯ ಸಂಪಾದಕರೇ,

ಮನೆಯ ಉತ್ತರ ದಿಕ್ಕಿನಲ್ಲಿ ಜೀವಂತ ಆಮೆ ಇಟ್ಟರೆ ಲಕ್ಷ್ಮಿ ನೆಲೆಸುತ್ತಾಳೆ ಎಂಬ ವಾಸ್ತು ಸಲಹೆಯನ್ನು ನಿಮ್ಮ ಭಾನುವಾರದ ಪುರವಣಿಯಲ್ಲಿ ಓದಿದೆ. ಲಕ್ಷ್ಮಿ ಹೋಗುವ ದಾರಿ ಮಾತ್ರ ನನಗೆ ಗೊತ್ತು.

ಆರು ವರ್ಷದ ಹಿಂದೆ ಮಗಳ ಹಟಕ್ಕೆ ಸೋತು ಬೆಂಗಳೂರಿನ ಅಕ್ವೇರಿಯಂ ಅಂಗಡಿಯೊಂದರಿಂದ ನಾಣ್ಯದಗಲದ ಹಸಿರು ಮರಿ ತಂದೆವು. ರೆಡ್ ಇಯರ್ಡ್ ಸ್ಲೈಡರ್ ಎಂಬ ಜಾತಿ. ಹೆಸರಿಗಷ್ಟೇ ಕೆಂಪು ಕಿವಿ, ಇರುವುದು ಕಣ್ಣಿನ ಹಿಂದೊಂದು ಕೆಂಪು ಪಟ್ಟೆ. ‘ಇಷ್ಟೇ ಇರುತ್ತೆ ಸಾರ್, ಈ ಕಾಳು ಹಾಕಿದ್ರೆ ಸಾಕು’ ಎಂದು ಒಂದು ಪ್ಲಾಸ್ಟಿಕ್ ಬೋಗುಣಿಯನ್ನೂ ಮಾರಿದರು. ಎಂಟು ತಿಂಗಳಲ್ಲಿ ಬೆರಳಿಟ್ಟರೆ ಚಿಪ್ಪು ತಗ್ಗತೊಡಗಿತು. ಪಶುವೈದ್ಯರು ಮೊದಲು ಕೇಳಿದ್ದು ಬಿಸಿಲಿನ ಬಗ್ಗೆ. ಕಿಟಕಿ ಪಕ್ಕವೇ ಇಟ್ಟಿದ್ದೇವಲ್ಲ ಎಂದೆ. ಕಿಟಕಿಯ ಗಾಜು ಯುವಿ-ಬಿ ಕಿರಣವನ್ನು ತಡೆದುಬಿಡುತ್ತದಂತೆ. ಅದಿಲ್ಲದೆ ಆಮೆಯ ಮೈಯಲ್ಲಿ ಡಿ3 ಜೀವಸತ್ವ ತಯಾರಾಗದು, ತಿಂದ ಕ್ಯಾಲ್ಸಿಯಂ ಚಿಪ್ಪಿಗೆ ದಕ್ಕದು. ದೊಡ್ಡ ತೊಟ್ಟಿ, ಹತ್ತಿ ಮೈ ಒಣಗಿಸಿಕೊಳ್ಳಲು ಕಲ್ಲು, ಕಲ್ಲಿನ ಮೇಲೆ ಯುವಿ ದೀಪ, ನೀರಿಗೆ ಫಿಲ್ಟರ್ ಬೇಕೆಂದರು. ಆ ದೀಪವೋ, ಉರಿಯುತ್ತಿದ್ದರೂ ವರ್ಷದೊಳಗೆ ಅದರ ಯುವಿ ಕುಂದುತ್ತದೆ, ಬದಲಿಸಲೇಬೇಕು. ಮರಿ ಕೊಂಡ ದುಡ್ಡಿಗೆ ಈಗ ಒಂದು ಬಲ್ಬೂ ಬಾರದು. ಆಮೆ ಟಿಫನ್ ತಟ್ಟೆಯಷ್ಟಾಗಿದೆ. ಇನ್ನೂ ಇಪ್ಪತ್ತು ವರ್ಷ ಬದುಕಬಹುದು.

ನಮ್ಮದೇ ನಕ್ಷತ್ರ ಆಮೆಯನ್ನು ಮಾರಿದರೆ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಮಿಸಿಸಿಪ್ಪಿ ಕಣಿವೆಯ ಈ ಆಮೆ ಮಾತ್ರ ರಾಜಾರೋಷವಾಗಿ ಬಿಕರಿಯಾಗುತ್ತಿದೆ. ಅದರ ತವರು ಅಮೆರಿಕದಲ್ಲೇ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು ಸಾಲ್ಮೊನೆಲ್ಲಾ ಸೋಂಕಿನ ಭಯದಿಂದ 1975ರಲ್ಲೇ ನಿಷೇಧಿಸಿದರು. ಯುರೋಪ್ ಒಕ್ಕೂಟ 1997ರಲ್ಲಿ ಇದರ ಆಮದು ನಿಲ್ಲಿಸಿತು. ನಮ್ಮಲ್ಲಿ 2018ರ ನಿಯಮದಂತೆ ಸಾಕುಪ್ರಾಣಿ ಅಂಗಡಿಗಳು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ನಾನು ಮರಿ ಕೊಂಡ ಅಂಗಡಿಯಲ್ಲಿ ಈಚೆಗೆ ಆ ನೋಂದಣಿ ಪತ್ರ ಕೇಳಿದೆ, ನಕ್ಕರು.

ಮಾರುವವರಿದ್ದಾರೆ, ವಾಪಸು ಪಡೆಯುವವರಿಲ್ಲ. ಅದಕ್ಕೇ ಬೇಸತ್ತವರು ಕೆರೆಗೋ ದೇವಸ್ಥಾನದ ಕಲ್ಯಾಣಿಗೋ ಬಿಟ್ಟು ಪುಣ್ಯ ಬಂತೆಂದುಕೊಳ್ಳುತ್ತಾರೆ. ಜಗತ್ತಿನ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿರುವ ಪ್ರಾಣಿಯಿದು. ಕೆರೆಯ ನಾಡ ಆಮೆಗಳ ಅನ್ನದಲ್ಲೂ ಬಿಸಿಲಿನ ಬಂಡೆಯಲ್ಲೂ ಪಾಲು ಕೇಳುತ್ತದೆ. ಮರಿಗಳ ಮಾರಾಟ ನಿಲ್ಲಲಿ, ಈಗಾಗಲೇ ಮನೆಗಳಲ್ಲಿರುವ ಆಮೆಗಳನ್ನು ಒಪ್ಪಿಸಲು ಜಿಲ್ಲೆಗೊಂದು ಜಾಗವಾಗಲಿ. ಅಂಥ ಜಾಗ ಕೇಳಿ ಸರ್ಕಾರಿ ಕಚೇರಿಯೊಂದಕ್ಕೆ ಫೋನ್ ಮಾಡಿದಾಗ ಬಂದ ಸಲಹೆ: ‘ಹತ್ತಿರದ ಕೆರೆಗೆ ಬಿಟ್ಬಿಡಿ ಸಾರ್.’

ಮುಂದಿನ ಬಾರಿ ವಾಸ್ತು ಸಲಹೆಯ ಪಕ್ಕದಲ್ಲಿ ಯುವಿ ದೀಪದ ಬೆಲೆಯನ್ನೂ ಅಚ್ಚು ಹಾಕಿ.

ಇಂತಿ,
ನಿಮ್ಮ ಹಳೆಯ ಓದುಗ, ಬೆಂಗಳೂರು