ಆಟದ ಡಬ್ಬಿ ಗಂಡುಮಕ್ಕಳ ಪಿತ್ರಾರ್ಜಿತವೇ?

‘ವಿಡಿಯೋ ಗೇಮ್ ಹುಡುಗರ ಆಟ’ ಎಂಬ ಮಾತನ್ನು ನಾವು ವೇದವಾಕ್ಯದಂತೆ ನಂಬಿಬಿಟ್ಟಿದ್ದೇವೆ. ಇದನ್ನು ಹೇಳಿದವರು ಯಾರು, ಕೇಳಿದ್ದೇವೆಯೇ?

ತೊಂಬತ್ತರ ದಶಕದಲ್ಲಿ ನಮ್ಮ ಹಲಸೂರಿನ ಬೀದಿಯಲ್ಲಿ ಟೀವಿಗೆ ಸಿಕ್ಕಿಸುವ ಆಟದ ಡಬ್ಬಿ ಬಂದದ್ದು ಗಂಡುಮಕ್ಕಳಿದ್ದ ಮನೆಗಳಿಗೆ. ‘ಮುಂದೆ ಕಂಪ್ಯೂಟರ್ ಕಲೀತಾನೆ’ ಎಂದು ಅಪ್ಪಂದಿರ ಸಮಜಾಯಿಷಿ. ಅಕ್ಕತಂಗಿಯರು ಹಿಂದೆ ಕೂತು ನೋಡಬೇಕು. ಅವರ ಸರದಿ ಬರುವ ಹೊತ್ತಿಗೆ ಒಳಗಿನಿಂದ ಕೂಗು: ‘ಕೊತ್ತಂಬರಿ ಸೋಸಿಕೊಡು ಬಾರೇ!’

ಚರಿತ್ರೆ ಬೇರೆಯೇ ಹೇಳುತ್ತದೆ. ಅಮೆರಿಕದ ಅಟಾರಿ ಕಂಪನಿಯ ಡಬ್ಬಿ 1977ರಲ್ಲಿ ಬಂತು. ಅದರ ಕೆಲಸದ ನೆನಪು ಬರೀ 128 ಬೈಟ್. ಅಷ್ಟರಲ್ಲೇ 1982ರಲ್ಲಿ ‘ರಿವರ್ ರೈಡ್’ ಎಂಬ ಜನಪ್ರಿಯ ಆಟವನ್ನು ಕಟ್ಟಿದವಳು ಕ್ಯಾರೊಲ್ ಶಾ ಎಂಬ ಹೆಣ್ಣುಮಗಳು. 1980ರ ‘ಪ್ಯಾಕ್‌ಮನ್’ ಆಟವನ್ನು ಜಪಾನಿನ ತೋರು ಇವಾತಾನಿ ರೂಪಿಸಿದ್ದೇ ಹೆಂಗಸರೂ ಆಡಲೆಂದು.

ಅಟಾರಿ ಬಿದ್ದದ್ದು ಹಾಸಿಗೆ ನೋಡದೆ ಕಾಲು ಚಾಚಿ. 1982ರ ಕ್ರಿಸ್‌ಮಸ್ಸಿಗೆಂದು ಸುಮಾರು ಐದು ವಾರಗಳಲ್ಲಿ ‘ಈ.ಟಿ.’ ಆಟವನ್ನು ಅವಸರದಿಂದ ಬೇಯಿಸಿದರು. ಬೇಡಿಕೆಗೂ ಮೀರಿ ಕ್ಯಾಸೆಟ್ಟು ಮಾಡಿ, 1983ರಲ್ಲಿ ಮಾರಾಟವಾಗದ ಸರಕನ್ನು ನ್ಯೂ ಮೆಕ್ಸಿಕೋದ ಗುಂಡಿಯಲ್ಲಿ ಹೂತರು. 2014ರಲ್ಲಿ ಅಗೆದಾಗ ಅವು ಸಿಕ್ಕವು. ಆಮೇಲೆ ನಿಂಟೆಂಡೋ ತನ್ನ ಯಂತ್ರವನ್ನು ಅಮೆರಿಕದಲ್ಲಿ ಆಟಿಕೆಯೆಂದು ಮಾರಿತು. ಆಟಿಕೆ ಅಂಗಡಿಯಲ್ಲಿ ಗಂಡಿಗೊಂದು ಸಾಲು, ಹೆಣ್ಣಿಗೊಂದು ಸಾಲು. ಯಂತ್ರ ಗಂಡಿನ ಸಾಲು ಸೇರಿತು. 1989ರ ಕೈಯಾಟಕ್ಕೆ ಇಟ್ಟ ಹೆಸರೂ ‘ಗೇಮ್ ಬಾಯ್’! ನಮ್ಮಲ್ಲಿಗೆ ಬಂದ ಅಗ್ಗದ ನಕಲುಗಳು ಇದೇ ನಿಂಟೆಂಡೋ ಯಂತ್ರದವು. ಯಂತ್ರದ ಜೊತೆ ಅಂಗಡಿಯವನ ಲೆಕ್ಕಾಚಾರವನ್ನೂ ನಾವು ಮನೆಯೊಳಗೆ ಕರೆದುಕೊಂಡೆವು.

‘ಹುಡುಗಿಯರಿಗೆ ಯಂತ್ರ ಒಗ್ಗದು’ ಎನ್ನುವವರು ಕೆ.ಆರ್. ಪುರದ ಹತ್ತಿರ ದೂರವಾಣಿನಗರವನ್ನು ನೆನೆಯಲಿ. 1948ರಲ್ಲಿ ಶುರುವಾದ ಐಟಿಐ ಕಾರ್ಖಾನೆಯಲ್ಲಿ ಟೆಲಿಫೋನು ಜೋಡಿಸಿದ ಕೈಗಳಲ್ಲಿ ಬಳೆ ತೊಟ್ಟ ಕೈಗಳೂ ಇದ್ದವು. ಆಸಕ್ತಿ ಹೊಟ್ಟೆಯಿಂದ ಬರುವುದಿಲ್ಲ, ಸರದಿ ಸಿಕ್ಕರೆ ಬರುತ್ತದೆ.

‘ಆಟದಿಂದ ಮಕ್ಕಳು ಕೆಡುತ್ತಾರೆ, ಮಗಳಿಗೂ ಅದೇಕೆ?’ ಎನ್ನುತ್ತೀರಾ? ಕೆಡುಕಾದರೆ ಇಬ್ಬರಿಗೂ ಸ್ವಿಚ್ ಆರಿಸಿ. ಒಳ್ಳೆಯದಾದರೆ ಇಬ್ಬರಿಗೂ ಕೊಡಿ. ಡಬ್ಬಿ ಹೋಗಿ ಮೊಬೈಲು ಬಂದಿದೆ. ಮಗ ಕೇಳದೆ ಎತ್ತಿಕೊಳ್ಳುತ್ತಾನೆ, ಮಗಳಿಗೆ ನೂರು ಪ್ರಶ್ನೆ. ಕೊತ್ತಂಬರಿ ಸೋಸಲು ಇವತ್ತು ಅವನನ್ನೇ ಕರೆಯಿರಿ, ನೋಡೋಣ.