ಗೊತ್ತಿದ್ದೂ ಹೇಳದ ದೋಷ

ಒಮ್ಮೆಯೂ ನಿಲ್ಲದೆ 497 ದಿನ ಓಡಿದ ರೂಟರ್, ಆ ಅವಧಿ ದಾಟಿದ ಗಳಿಗೆಯಲ್ಲಿ ತಾನು ಈಗಷ್ಟೇ ಶುರುವಾಗಿದ್ದೇನೆ ಎಂದು ವರದಿ ಕೊಟ್ಟುಬಿಡಬಹುದು. ಅದು ಕೆಟ್ಟಿರುವುದಿಲ್ಲ, ಕರೆಂಟೂ ಹೋಗಿರುವುದಿಲ್ಲ. ಎಷ್ಟು ಹೊತ್ತಿನಿಂದ ಚಾಲನೆಯಲ್ಲಿದ್ದೇನೆ ಎಂಬ ಲೆಕ್ಕವನ್ನು ಅದು ಸೆಕೆಂಡಿನ ನೂರನೇ ಒಂದು ಭಾಗದ ಅಳತೆಯಲ್ಲಿ, 32 ಬಿಟ್‌ಗಳ ಒಂದು ಸಂಖ್ಯೆಯಾಗಿ ಇಟ್ಟಿರುತ್ತದೆ. ಆ ಸಂಖ್ಯೆಯಲ್ಲಿ ಹಿಡಿಸುವುದು ಹೆಚ್ಚೆಂದರೆ 429 ಕೋಟಿ ಚಿಲ್ಲರೆ. ತುಂಬಿದ ಮೇಲೆ ಎಣಿಕೆ ಮತ್ತೆ ಸೊನ್ನೆಯಿಂದ ಮೊದಲಾಗುತ್ತದೆ. ದೂರದ ಕಂಟ್ರೋಲ್ ರೂಮಿನಲ್ಲಿ ಸಾವಿರಾರು ಸಾಧನಗಳ ಮೇಲೆ ಕಣ್ಣಿಟ್ಟಿರುವ ನಿರ್ವಹಣಾ ತಂತ್ರಾಂಶ ಈ ಸೊನ್ನೆಯನ್ನು ಕಂಡು ‘ರೂಟರ್ ರೀಬೂಟ್ ಆಗಿದೆ’ ಎಂದು ಅಲಾರಂ ಹೊಡೆಯುತ್ತದೆ. ರಾತ್ರಿ ಪಾಳಿಯ ಎಂಜಿನಿಯರ್ ಯುಪಿಎಸ್ ಪರೀಕ್ಷಿಸುತ್ತಾರೆ, ಲಾಗ್ ತೆಗೆದು ಓದುತ್ತಾರೆ, ಆಗದೇ ಇದ್ದ ರೀಬೂಟಿಗೆ ಕಾರಣ ಹುಡುಕುತ್ತಾರೆ.

ಈ ಮಿತಿ ಗುಟ್ಟಾಗಿ ಉಳಿದದ್ದೇನಲ್ಲ. ನೆಟ್‌ವರ್ಕ್ ಸಾಧನಗಳನ್ನು ದೂರದಿಂದಲೇ ನೋಡಿಕೊಳ್ಳಲು 1988ರಲ್ಲಿ ಬಂದ ಎಸ್‌ಎನ್‌ಎಂಪಿ ಮಾನದಂಡದಲ್ಲೇ ಅದು ಬರೆದಿದೆ. ಗೊತ್ತಿದ್ದವರು ಆ ಅಲಾರಂ ನೋಡಿ ಎರಡು ನಿಮಿಷದಲ್ಲಿ ಮುಚ್ಚಿಬಿಡುತ್ತಾರೆ, ಗೊತ್ತಿಲ್ಲದವರು ಬೆಳಗಿನವರೆಗೆ ಒದ್ದಾಡುತ್ತಾರೆ. ಇಬ್ಬರ ನಡುವಿನ ವ್ಯತ್ಯಾಸ ಬುದ್ಧಿಯದಲ್ಲ, ಒಂದು ಸಾಲಿನ ಮಾಹಿತಿಯದು. ಆ ಒಂದು ಸಾಲನ್ನು ತಲುಪಿಸುವ ಹೊಣೆ ಯಾರದು? ತಯಾರಿಸಿದವರದೋ, ಮಾರಿದವರದೋ, ಕೊಂಡವರದೋ?

ಯಾರ ಬಳಿ ಮಾಹಿತಿ ಹೆಚ್ಚಿದೆಯೋ ಅವರ ಮೇಲೆ ಹೊಣೆಯೂ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ. ತನ್ನ ಸಾಧನದಲ್ಲಿ, ತನ್ನ ತಂತ್ರಾಂಶದಲ್ಲಿ ಇದೆಯೆಂದು ತಿಳಿದಿರುವ ದೋಷವನ್ನೂ, ಯಾವುದರ ಜೊತೆ ಅದು ಹೊಂದುವುದಿಲ್ಲ ಎಂಬುದನ್ನೂ ತಯಾರಕರು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ಅದನ್ನು ಉಪಕಾರವೆಂದೋ ಹೆಚ್ಚುವರಿ ಸೇವೆಯೆಂದೋ ಎಣಿಸುವಂತಿಲ್ಲ. ಅದು ಮಾರಾಟದ ಅವಿಭಾಜ್ಯ ಭಾಗ.

ಇಂಥ ದೋಷಗಳೆಲ್ಲ ಅಜಾಗರೂಕತೆಯಿಂದಲೇ ಹುಟ್ಟುತ್ತವೆ ಎಂದು ಭಾವಿಸಬಾರದು. ಕೆಲವು ಕಾಲದ ಜೊತೆ ತಾವಾಗಿ ಬೆಳೆಯುತ್ತವೆ. ಒಂದು ಪೋರ್ಟಿನ ಮೂಲಕ ಎಷ್ಟು ಬೈಟ್ ದತ್ತಾಂಶ ಬಂತೆಂದು ಎಣಿಸುವ ಎಸ್‌ಎನ್‌ಎಂಪಿ ಕೌಂಟರ್ ಕೂಡ ಮೊದಲಿಗೆ 32 ಬಿಟ್‌ಗಳದ್ದೇ ಆಗಿತ್ತು. ಸೆಕೆಂಡಿಗೆ 10 ಮೆಗಾಬಿಟ್ ಸಾಗಿಸುವ ಲೈನಿನಲ್ಲಿ ಅದು ತುಂಬಲು 57 ನಿಮಿಷ ಬೇಕಿತ್ತು. ಅಂದಿನ ಮಟ್ಟಿಗೆ ಸಾಕಾಗಿತ್ತು. ಸೆಕೆಂಡಿಗೆ ಒಂದು ಗಿಗಾಬಿಟ್ ಸಾಗುವ ಲೈನಿನಲ್ಲಿ ಅದೇ ಕೌಂಟರ್ 34 ಸೆಕೆಂಡಿಗೆ ತುಂಬಿ ಸೊನ್ನೆಯಾಗುತ್ತದೆ. ನಿರ್ವಹಣಾ ತಂತ್ರಾಂಶ ಐದು ನಿಮಿಷಕ್ಕೊಮ್ಮೆ ಲೆಕ್ಕ ಕೇಳುವಂತಿದ್ದರೆ, ಎರಡು ಓದುಗಳ ನಡುವೆ ಆ ಕೌಂಟರ್ ಎಂಟು ಸಲ ಸುತ್ತು ಹಾಕಿರಬಹುದು. ಆಗ ಕಿಕ್ಕಿರಿದ ಲೈನ್ ಗ್ರಾಫಿನಲ್ಲಿ ಖಾಲಿಯಂತೆ ಕಾಣುತ್ತದೆ. ಆ ಗ್ರಾಫ್ ನೋಡಿ ‘ಇನ್ನಷ್ಟು ಬ್ಯಾಂಡ್‌ವಿಡ್ತ್ ಬೇಡ’ ಎಂದು ನಿರ್ಧರಿಸುವ ಅಧಿಕಾರಿಯದು ತಪ್ಪು ಎನ್ನಲಾದೀತೇ? ಪರಿಹಾರವಾಗಿ 64 ಬಿಟ್‌ಗಳ ಕೌಂಟರ್ ಬಂದು ವರ್ಷಗಳೇ ಕಳೆದಿವೆ. ಆದರೆ ಎಸ್‌ಎನ್‌ಎಂಪಿಯ ಮೊದಲ ಆವೃತ್ತಿಯಲ್ಲಿ ಅದನ್ನು ಓದಲು ಬರುವುದಿಲ್ಲ. ಸಾಧನ ಹೊಸದಿದ್ದು ತಂತ್ರಾಂಶವನ್ನು ಹಳೆಯ ಆವೃತ್ತಿಗೆ ಹೊಂದಿಸಿಟ್ಟಿದ್ದರೆ ಸುಳ್ಳು ಲೆಕ್ಕ ಮುಂದುವರಿಯುತ್ತಲೇ ಇರುತ್ತದೆ.

ಇನ್ನು ಕೆಲವು ದೋಷಗಳು ಮಾನದಂಡ ಎಲ್ಲಿ ಮೌನವಾಗಿದೆಯೋ ಅಲ್ಲಿ ಹುಟ್ಟುತ್ತವೆ. ಎಸ್‌ಎನ್‌ಎಂಪಿಯ ಮೂರನೇ ಆವೃತ್ತಿಯಲ್ಲಿ ಸಂದೇಶಗಳನ್ನು ಗೂಢಲಿಪೀಕರಿಸುವ ಸೌಲಭ್ಯವಿದೆ. 2004ರಲ್ಲಿ ಅದಕ್ಕೆ ಎಇಎಸ್-128 ವಿಧಾನವನ್ನು ಅಧಿಕೃತವಾಗಿ ಸೇರಿಸಿದರು. ಅದಕ್ಕಿಂತ ಬಲವಾದ ಎಇಎಸ್-256 ಮಾತ್ರ ಕರಡು ಹಂತದಲ್ಲೇ ಉಳಿಯಿತು. ಮಾರುಕಟ್ಟೆ ಕಾಯಲಿಲ್ಲ. ಪಾಸ್‌ವರ್ಡಿನಿಂದ ಅಷ್ಟು ಉದ್ದದ ಕೀಲಿಯನ್ನು ಹೇಗೆ ಹಿಗ್ಗಿಸಬೇಕು ಎಂಬುದಕ್ಕೆ ಎರಡು ಬೇರೆ ಬೇರೆ ದಾರಿಗಳು ಬಳಕೆಗೆ ಬಂದವು. ಕೆಲವು ತಯಾರಕರು ಒಂದನ್ನು ಹಿಡಿದರು, ಉಳಿದವರು ಇನ್ನೊಂದನ್ನು. ಪರಿಣಾಮ ಏನಾಯಿತೆಂದರೆ, ಸಾಧನದ ಕೈಪಿಡಿಯಲ್ಲೂ ‘ಎಇಎಸ್-256 ಇದೆ’ ಎಂದಿರುತ್ತದೆ, ತಂತ್ರಾಂಶದ ಕೈಪಿಡಿಯಲ್ಲೂ ‘ಎಇಎಸ್-256 ಇದೆ’ ಎಂದಿರುತ್ತದೆ, ಎರಡೂ ಮಾತ್ರ ಒಂದರ ಮಾತು ಇನ್ನೊಂದಕ್ಕೆ ತಿಳಿಯದೆ ಕೂರುತ್ತವೆ. ಪರದೆಯ ಮೇಲೆ ಬರುವುದು ‘ಟೈಮ್‌ಔಟ್’ ಎಂಬ ಒಂದೇ ಪದ. ಎಂಜಿನಿಯರ್ ಪಾಸ್‌ವರ್ಡ್ ಮತ್ತೆ ಟೈಪ್ ಮಾಡುತ್ತಾರೆ, ಫೈರ್‌ವಾಲ್‌ನಲ್ಲಿ 161ನೇ ಪೋರ್ಟ್ ತೆರೆದಿದೆಯೇ ನೋಡುತ್ತಾರೆ, ಗಡಿಯಾರ ಸರಿಯಿದೆಯೇ ಪರೀಕ್ಷಿಸುತ್ತಾರೆ. ಎಲ್ಲವೂ ಸರಿಯಾಗಿಯೇ ಇರುತ್ತದೆ. ನೆಟ್-ಎಸ್‌ಎನ್‌ಎಂಪಿ ಎಂಬ ಮುಕ್ತ ತಂತ್ರಾಂಶದಲ್ಲಿ ಈ ಎರಡೂ ದಾರಿಗಳಿಗೆ ಪ್ರತ್ಯೇಕ ಆಯ್ಕೆ ಇಟ್ಟಿದ್ದಾರೆ. ಸಮಸ್ಯೆ ಇದೆಯೆಂದು ಒಪ್ಪಿಕೊಂಡದ್ದರಿಂದಲೇ ಅದು ಸಾಧ್ಯವಾಯಿತು. ಎಲ್ಲ ಕೈಪಿಡಿಗಳಲ್ಲೂ ‘ನಮ್ಮದು ಇಂಥ ದಾರಿ’ ಎಂಬ ಒಂದು ಸಾಲು ಇದ್ದಿದ್ದರೆ ಎಷ್ಟು ಜನರ ಎಷ್ಟು ದಿನಗಳು ಉಳಿಯುತ್ತಿದ್ದವು!

ಮೂರನೆಯದು ಸುತ್ತಲಿನ ಜಗತ್ತು ಮುಂದೆ ಸರಿದಾಗ ಬರುವ ತೊಡಕು. ಸಾಧನಗಳಿಗೆ ದೂರದಿಂದ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್, ದುರ್ಬಲವಾದ ಒಂದು ಹಳೆಯ ಕೀಲಿ ವಿನಿಮಯ ವಿಧಾನವನ್ನು 2015ರ ಆವೃತ್ತಿಯಿಂದ ಡೀಫಾಲ್ಟ್ ಆಗಿ ನಿಲ್ಲಿಸಿತು. 2021ರಲ್ಲಿ ಎಸ್‌ಎಚ್‌ಎ-1 ಆಧರಿಸಿದ ಸಹಿಯನ್ನೂ ಹಾಗೆಯೇ ಕೈಬಿಟ್ಟಿತು. ಭದ್ರತೆಯ ದೃಷ್ಟಿಯಿಂದ ಎರಡೂ ಸರಿಯಾದ ಹೆಜ್ಜೆಗಳೇ. ಆದರೆ ಹತ್ತು ವರ್ಷದ ಹಿಂದೆ ಗೋಡೆಗೆ ಬಿಗಿದ ಸ್ವಿಚ್‌ಗೆ ಆ ಹಳೆಯ ವಿಧಾನ ಬಿಟ್ಟು ಬೇರೇನೂ ಬರುವುದಿಲ್ಲ. ಸರ್ವರ್ ಅಪ್‌ಗ್ರೇಡ್ ಮಾಡಿದ ಮರುದಿನ ಆ ಸ್ವಿಚ್ ನಿರ್ವಹಣೆಯ ಕೈಗೆ ಸಿಗದಂತಾಗುತ್ತದೆ.

ಹೇಳುವುದರಿಂದ ಆಗುವ ಲಾಭಕ್ಕೆ ಸಿಸ್ಕೋ ಕಂಪನಿಯ ಒಂದು ಪ್ರಕಟಣೆ ಒಳ್ಳೆಯ ನಿದರ್ಶನ. ಅದರ ಐಒಎಸ್ ತಂತ್ರಾಂಶದ ಹಲವು ಆವೃತ್ತಿಗಳಲ್ಲಿ ಸಾಧನ ತನಗೆ ತಾನೇ ಸಹಿ ಹಾಕಿಕೊಂಡ ಪ್ರಮಾಣಪತ್ರಗಳ ಅವಧಿ 2020ರ ಜನವರಿ 1ಕ್ಕೆ ಮುಗಿಯುವಂತಿತ್ತು. ಕಂಪನಿ ಇದನ್ನು ಮುಂಚೆಯೇ ಬಹಿರಂಗವಾಗಿ ತಿಳಿಸಿತು: ಯಾವ ಆವೃತ್ತಿಗಳು, ಯಾವ ಸೇವೆಗಳಿಗೆ ಪೆಟ್ಟು, ಏನು ಮಾಡಬೇಕು ಎಂಬುದನ್ನೆಲ್ಲ ಬರೆಯಿತು. ದೋಷ ಮುಜುಗರದ್ದೇ. ಹಾಗಿದ್ದರೂ ಪ್ರಕಟಣೆ ಓದಿದವರು ಹೊಸ ವರ್ಷದ ಬೆಳಗಿಗೆ ಸಿದ್ಧರಾಗಿದ್ದರು.

ಹೇಳುವುದಕ್ಕೆ ಎದುರಾಗಿ ಮೂರು ಆಕ್ಷೇಪಗಳು ಕೇಳಿಬರುತ್ತವೆ. ದೋಷಗಳನ್ನು ಪ್ರಕಟಿಸಿದರೆ ದಾಳಿಕೋರರಿಗೆ ದಾರಿ ತೋರಿಸಿದಂತೆ ಎಂಬುದು ಮೊದಲನೆಯದು. ಈ ಭಯಕ್ಕೆ ಕಾರಣವಿದೆ. ನಿರ್ವಹಣಾ ತಂತ್ರಾಂಶದ ಬಳಿ ಜಾಲದ ಎಲ್ಲ ಸಾಧನಗಳ ಪಾಸ್‌ವರ್ಡ್ ಇರುತ್ತದೆ. 2020ರಲ್ಲಿ ಸೋಲಾರ್‌ವಿಂಡ್ಸ್ ಕಂಪನಿಯ ಓರಿಯನ್ ತಂತ್ರಾಂಶದ ಅಪ್‌ಡೇಟ್‌ನೊಳಗೇ ದಾಳಿಕೋರರು ತಮ್ಮ ಕೋಡ್ ಸೇರಿಸಿದ್ದರು. ಸುಮಾರು 18,000 ಗ್ರಾಹಕರು ಅದನ್ನು ಪಡೆದಿದ್ದರು. ಆದರೆ ಭದ್ರತಾ ದೋಷಗಳ ವಿಷಯದಲ್ಲಿ ಜಗತ್ತು ಈ ಪ್ರಶ್ನೆಗೆ ಆಗಲೇ ಉತ್ತರ ಕಂಡುಕೊಂಡಿದೆ. ಮೊದಲು ತಯಾರಕರಿಗೆ ತಿಳಿಸಿ, ಸರಿಪಡಿಸಲು ಸಮಯ ಕೊಟ್ಟು, ಆಮೇಲೆ ಎಲ್ಲರಿಗೂ ಹೇಳುವ ರೂಢಿ ಬೆಳೆದಿದೆ. 1999ರಿಂದ ಇಂಥ ದೋಷಗಳಿಗೆ ಸಿವಿಇ ಎಂಬ ಸಾರ್ವಜನಿಕ ಸಂಖ್ಯೆ ಸಿಗುತ್ತಿದೆ. ನಮ್ಮಲ್ಲಿ ಸಿಇಆರ್‌ಟಿ-ಇನ್ ಎಚ್ಚರಿಕೆಗಳನ್ನು ಹೊರಡಿಸುತ್ತದೆ. ಹೊಂದಾಣಿಕೆಯ ದೋಷಗಳಿಗೆ ಮಾತ್ರ ಎಲ್ಲ ತಯಾರಕರಿಗೂ ಅನ್ವಯಿಸುವ ಅಂಥ ಸಾಮಾನ್ಯ ವ್ಯವಸ್ಥೆ ಬೆಳೆಯಲಿಲ್ಲ. 497ನೇ ದಿನದ ಸುಳ್ಳು ಅಲಾರಂ ದಾಳಿಕೋರರಿಗೆ ಯಾವ ಉಪಯೋಗಕ್ಕೂ ಬಾರದು. ಅದನ್ನು ಮುಚ್ಚಿಡಲು ಭದ್ರತೆಯ ನೆಪ ಸಲ್ಲದು.

ಪೈಪೋಟಿಯ ಕಂಪನಿಗಳು ಈ ಪಟ್ಟಿಯನ್ನೇ ನಮ್ಮ ವಿರುದ್ಧ ಬಳಸುತ್ತವೆ ಎಂಬುದು ಎರಡನೆಯ ಆಕ್ಷೇಪ. ಪ್ರಾಮಾಣಿಕನೊಬ್ಬನೇ ಪಟ್ಟಿ ಕೊಟ್ಟು ಉಳಿದವರು ಸುಮ್ಮನಿದ್ದರೆ ಅದು ನಿಜವೇ. ಹಾಗಾಗಿ ಇದನ್ನು ಒಂದೊಂದು ಕಂಪನಿಯ ಒಳ್ಳೆಯತನಕ್ಕೆ ಬಿಡದೆ ಎಲ್ಲರಿಗೂ ಸಮಾನ ಷರತ್ತಾಗಿಸಬೇಕು. ಔಷಧದ ಡಬ್ಬಿಯೊಳಗಿನ ಚೀಟಿಯಲ್ಲಿ ಅಡ್ಡಪರಿಣಾಮಗಳನ್ನು ಅಚ್ಚು ಹಾಕಿದ್ದಾರೆಂದು ಯಾರೂ ಆ ಔಷಧವನ್ನು ಕೀಳೆನ್ನುವುದಿಲ್ಲ; ಚೀಟಿಯೇ ಇಲ್ಲದ ಔಷಧವನ್ನು ಮುಟ್ಟಲು ಹೆದರುತ್ತಾರೆ.

ಮೂರನೆಯ ಆಕ್ಷೇಪ, ಕೊಟ್ಟರೂ ಯಾರು ಓದುತ್ತಾರೆ ಎಂಬುದು. ನೂರಾರು ನಮೂದುಗಳ ರಿಲೀಸ್ ನೋಟ್ಸ್ ಓದುವವರು ಕಡಿಮೆ ಎಂಬುದನ್ನು ಒಪ್ಪಬೇಕು. ಆದರೆ ಅವುಗಳಲ್ಲಿ ಎಷ್ಟೋ ಸಾಲುಗಳು ಓದಿಸಿಕೊಳ್ಳುವಂತೆಯೇ ಇರುವುದಿಲ್ಲ. ‘ಕೆಲವು ಸಂದರ್ಭಗಳಲ್ಲಿ ಸಾಧನ ಅನಿರೀಕ್ಷಿತವಾಗಿ ವರ್ತಿಸಬಹುದು’ ಎಂಬ ವಾಕ್ಯದಿಂದ ಯಾರಿಗೂ ಏನೂ ತಿಳಿಯದು. ಕಣ್ಣಿಗೆ ಕಾಣುವ ಲಕ್ಷಣ ಏನು, ಯಾವ ಆವೃತ್ತಿಗಳು ಸೇರಿದಾಗ ಬರುತ್ತದೆ, ಸದ್ಯಕ್ಕೆ ಏನು ಮಾಡಬಹುದು, ಯಾವ ಆವೃತ್ತಿಯಲ್ಲಿ ಸರಿಯಾಗಿದೆ ಎಂಬ ನಾಲ್ಕು ಸಂಗತಿ ಇದ್ದರೆ ಹುಡುಕುವವರಿಗೆ ಅದು ಸಿಕ್ಕೇ ಸಿಗುತ್ತದೆ. ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಯಾರೂ ಓದಬೇಕಿಲ್ಲ. ತೊಂದರೆ ಬಂದವರಿಗೆ ದೊರೆತರೆ ಸಾಕು. ಅದಕ್ಕಾಗಿಯೇ ಅದು ಸೇವಾ ಒಪ್ಪಂದ ಇದ್ದವರಿಗಷ್ಟೇ ತೆರೆಯುವ ಲಾಗಿನ್‌ನ ಹಿಂದೆ ಇರಬಾರದು.

ಹೊಸ ಮಾನದಂಡ ಬಂದರೆ ಇದೆಲ್ಲ ತಾನಾಗಿ ಸರಿಹೋಗುತ್ತದೆ ಎಂಬ ಆಸೆಯೂ ಕೆಲವರಲ್ಲಿದೆ. 2002ರಲ್ಲಿ ಜಾಲ ನಡೆಸುವವರೂ ಮಾನದಂಡ ಬರೆಯುವವರೂ ಒಟ್ಟಿಗೆ ಕೂತು, ಎಸ್‌ಎನ್‌ಎಂಪಿ ನಿಗಾ ಇಡಲು ಸರಿ, ಸಾಧನಗಳನ್ನು ಸಂರಚಿಸಲು ಸಾಲದು ಎಂಬ ಅನುಭವವನ್ನು ಹಂಚಿಕೊಂಡರು. ಅದರ ಫಲವಾಗಿ 2006ರಲ್ಲಿ ನೆಟ್‌ಕಾನ್ಫ್, 2010ರಲ್ಲಿ ಯಾಂಗ್ ಎಂಬ ಮಾದರಿ ಭಾಷೆ ಬಂದವು. ಯಾಂಗ್‌ನಲ್ಲಿ ನನಗೆ ಬಹಳ ಮೆಚ್ಚುಗೆಯಾದ ಅಂಶವೊಂದಿದೆ. ಮಾನದಂಡದ ಯಾವ ಭಾಗವನ್ನು ತಾನು ಪಾಲಿಸುತ್ತಿಲ್ಲ ಎಂಬುದನ್ನು ಸಾಧನವೇ ‘ಡೀವಿಯೇಶನ್’ ಎಂಬ ಹೇಳಿಕೆಯ ಮೂಲಕ, ತಂತ್ರಾಂಶ ಓದಿಕೊಳ್ಳಬಲ್ಲ ರೂಪದಲ್ಲಿ ತಿಳಿಸಲು ಅಲ್ಲಿ ಅವಕಾಶವಿದೆ. ಎಲ್ಲರೂ ನಿಯಮವನ್ನು ಪೂರ್ತಿ ಪಾಲಿಸುತ್ತಾರೆಂದು ಅದನ್ನು ರೂಪಿಸಿದವರು ನಂಬಿ ಕೂರಲಿಲ್ಲ; ಪಾಲಿಸದಿದ್ದರೆ ಅದನ್ನಾದರೂ ಹೇಳಲಿ ಎಂದು ಜಾಗ ಬಿಟ್ಟರು. ಪೂರ್ಣ ಹೊಂದಾಣಿಕೆ ಎಂದೂ ಸಿಗದಿರಬಹುದು. ಎಲ್ಲಿ ಹೊಂದುವುದಿಲ್ಲ ಎಂಬ ಸ್ಪಷ್ಟತೆ ಇವತ್ತೇ ಸಿಗಬಹುದು.

ಆ ಸ್ಪಷ್ಟತೆ ಇಲ್ಲದಿದ್ದರೆ ಬೆಲೆ ತೆರುವವರು ಎಂಜಿನಿಯರ್‌ಗಳಷ್ಟೇ ಅಲ್ಲ. 2022ರ ಜುಲೈ 8ರಂದು ಕೆನಡಾದ ರೋಜರ್ಸ್ ಜಾಲ ಇಡೀ ದೇಶದಲ್ಲಿ ಕುಸಿಯಿತು. ಅಪ್‌ಗ್ರೇಡ್ ಕೆಲಸದ ನಡುವೆ ಒಂದು ಫಿಲ್ಟರ್ ತೆಗೆದದ್ದರಿಂದ ಮುಖ್ಯ ರೂಟರ್‌ಗಳ ಮೇಲೆ ತಡೆಯಲಾರದಷ್ಟು ಮಾರ್ಗಗಳ ಮಾಹಿತಿ ನುಗ್ಗಿತು. ಕೆಲವು ತಯಾರಕರ ರೂಟರ್‌ಗಳು ಕಳಿಸುವ ಮಾರ್ಗಗಳಿಗೆ ತಾವೇ ಮಿತಿ ಹಾಕುತ್ತವೆ, ಇನ್ನು ಕೆಲವರವು ಆ ಕೆಲಸವನ್ನು ಮುಖ್ಯ ರೂಟರ್‌ಗೆ ಬಿಡುತ್ತವೆ. ಈ ವ್ಯತ್ಯಾಸವೇ ಅವಘಡದ ಮೂಲದಲ್ಲಿತ್ತೆಂದು ಕಂಪನಿ ನಿಯಂತ್ರಕರಿಗೆ ಬರೆದುಕೊಟ್ಟಿತು. ನಿರ್ವಹಣೆಯ ಜಾಲವೂ ಅದೇ ಮುಖ್ಯ ಜಾಲವನ್ನು ನೆಚ್ಚಿಕೊಂಡಿದ್ದರಿಂದ ಸರಿಪಡಿಸಬೇಕಾದವರಿಗೇ ಸಾಧನಗಳು ಕೈಗೆ ಸಿಗಲಿಲ್ಲ. 1.2 ಕೋಟಿಗೂ ಹೆಚ್ಚು ಗ್ರಾಹಕರಿಗೆ ತೊಂದರೆಯಾಯಿತು. ತುರ್ತು ಸೇವೆಯ 911ಕ್ಕೆ ಕರೆ ಹೋಗದವರೂ, ಅಂಗಡಿಯಲ್ಲಿ ಕಾರ್ಡ್ ಉಜ್ಜಿ ಹಣ ಕೊಡಲಾಗದವರೂ ಅವರಲ್ಲಿದ್ದರು.

ನಮ್ಮ ಹಳ್ಳಿಗಳಿಗೂ ಇದು ದೂರದ ಮಾತಲ್ಲ. ಭಾರತ್‌ನೆಟ್ ಯೋಜನೆಯಲ್ಲಿ ಗ್ರಾಮ ಪಂಚಾಯಿತಿಗೆ ಆಪ್ಟಿಕಲ್ ಫೈಬರ್ ಬರುತ್ತದೆ, ಕಚೇರಿಯಲ್ಲಿ ಒಎನ್‌ಟಿ ಎಂಬ ಪೆಟ್ಟಿಗೆ ಇರುತ್ತದೆ. ಕರೆಂಟ್ ಹೋದಾಗ ಈ ಪೆಟ್ಟಿಗೆ ಪೂರ್ತಿ ಆರುವ ಮುನ್ನ, ಉಳಿದ ಚೂರು ವಿದ್ಯುತ್ತಿನಲ್ಲೇ ‘ನನಗೆ ವಿದ್ಯುತ್ ನಿಂತಿದೆ’ ಎಂಬ ಕೊನೆಯ ಸಂಕೇತ ಕಳಿಸುವ ವ್ಯವಸ್ಥೆ ಈ ತಂತ್ರಜ್ಞಾನದಲ್ಲಿದೆ. ಅತ್ತ ತುದಿಯ ಸಾಧನ ಮತ್ತು ನಿರ್ವಹಣಾ ತಂತ್ರಾಂಶ ಅದನ್ನು ಸರಿಯಾಗಿ ಅರ್ಥಮಾಡಿಕೊಂಡರೆ ಕರೆಂಟ್ ಬರುವವರೆಗೆ ಕಾದರಾಯಿತು. ಅರ್ಥವಾಗದಿದ್ದರೆ ಪರದೆಯಲ್ಲಿ ಕಾಣುವುದು ‘ಸಂಪರ್ಕ ಕಡಿದಿದೆ’ ಎಂದು ಮಾತ್ರ. ಫೈಬರ್ ಎಲ್ಲಿ ತುಂಡಾಗಿದೆ ಎಂದು ಹುಡುಕಲು ಒಂದು ತಂಡ ಜೀಪಿನಲ್ಲಿ ಹೊರಡುತ್ತದೆ. ನಿಜವಾಗಿ ತುಂಡಾದ ಇನ್ನೊಂದು ಊರಿನ ಫೈಬರ್ ಅಷ್ಟು ಹೊತ್ತು ಕಾಯುತ್ತದೆ. ಬಾಪೂಜಿ ಸೇವಾ ಕೇಂದ್ರದ ಮುಂದೆ ದೃಢೀಕರಣ ಪತ್ರಕ್ಕೆಂದು ನಿಂತವರು ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಉತ್ತರ ಪಡೆದು, ಆ ದಿನದ ಕೂಲಿ ಕಳೆದುಕೊಂಡು ಮನೆಗೆ ಹೋಗುತ್ತಾರೆ. ಯಾವ ಒಎನ್‌ಟಿಯ ಜೊತೆ ಯಾವ ಸಂಕೇತ ಕೆಲಸ ಮಾಡುವುದಿಲ್ಲ ಎಂಬ ಒಂದು ಸಾಲಿನ ಬೆಲೆ ಅಷ್ಟು ದೂರ ಮುಟ್ಟುತ್ತದೆ.

ಕೊಳ್ಳುವವರ ಮೇಲೂ ಹೊಣೆ ಇದೆ. ತಮ್ಮಲ್ಲಿರುವ ಪ್ರತಿ ಸಾಧನದ ಆವೃತ್ತಿ ಬರೆದಿಡುವುದು, ಅಪ್‌ಗ್ರೇಡ್ ಅನ್ನು ಮೊದಲು ಒಂದೆರಡು ಸಾಧನಗಳಲ್ಲಿ ಪರೀಕ್ಷಿಸುವುದು, ತಾವು ಕಂಡ ದೋಷವನ್ನು ತಯಾರಕರಿಗೆ ತಿಳಿಸುವುದು ಅವರ ಕೆಲಸ. ಆದರೆ ಹೇಳದ್ದನ್ನು ಊಹಿಸುವ ಭಾರ ಅವರ ಮೇಲೆ ಬೀಳಬಾರದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸಾಕಷ್ಟು ಸೂಚನೆ, ಎಚ್ಚರಿಕೆ ಕೊಡದ ತಯಾರಕರನ್ನು ಹೊಣೆಯಾಗಿಸುತ್ತದೆ. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಅದರ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ದೊಡ್ಡ ಜಾಲಗಳನ್ನು ನಡೆಸುವ ಸಂಸ್ಥೆಗಳು ಒಪ್ಪಂದದ ಷರತ್ತುಗಳನ್ನೇ ನಂಬಬೇಕು.

ಆದ್ದರಿಂದ ಸಾರ್ವಜನಿಕ ಹಣದಲ್ಲಿ ಕೊಳ್ಳುವ ಪ್ರತಿ ನೆಟ್‌ವರ್ಕ್ ಸಾಧನಕ್ಕೂ, ನಿರ್ವಹಣಾ ತಂತ್ರಾಂಶಕ್ಕೂ ಟೆಂಡರಿನಲ್ಲೇ ಮೂರು ದಾಖಲೆ ಕೇಳಬೇಕು: ಯಾವ ಸಾಧನಗಳ ಯಾವ ಆವೃತ್ತಿಯೊಂದಿಗೆ ಪರೀಕ್ಷಿಸಲಾಗಿದೆ, ಯಾವುದರೊಂದಿಗೆ ಪರೀಕ್ಷಿಸಿಲ್ಲ ಎಂಬ ಪಟ್ಟಿ; ಗೊತ್ತಿರುವ ದೋಷಗಳ, ಲಾಗಿನ್ ಇಲ್ಲದೆ ಓದಬಹುದಾದ, ಕಾಲಕಾಲಕ್ಕೆ ತಿದ್ದುವ ಪಟ್ಟಿ; ಬೆಂಬಲ ಎಂದು ನಿಲ್ಲುತ್ತದೆ ಎಂಬ ದಿನಾಂಕ. ಗೊತ್ತಿದ್ದ ದೋಷವನ್ನು ಪಟ್ಟಿಯಲ್ಲಿ ಮುಚ್ಚಿಟ್ಟದ್ದು ತಿಳಿದುಬಂದರೆ ದಂಡ ವಿಧಿಸಬೇಕು, ಬರೆದು ತಿಳಿಸಿದ ದೋಷಕ್ಕೆ ಅಂಕ ಕಳೆಯಬಾರದು. ಈ ಎರಡು ನಿಯಮ ಸೇರಿದರೆ ಮುಚ್ಚಿಡುವುದಕ್ಕಿಂತ ಹೇಳುವುದೇ ತಯಾರಕರಿಗೆ ಲಾಭವಾಗುತ್ತದೆ. ಇದಕ್ಕೆ ಹೊಸ ಕಾಯ್ದೆಯೂ ಬೇಕಿಲ್ಲ, ಹೊಸ ತಂತ್ರಜ್ಞಾನವೂ ಬೇಕಿಲ್ಲ. ಟೆಂಡರ್ ಬರೆಯುವ ಅಧಿಕಾರಿಗಳು ಈ ಷರತ್ತುಗಳನ್ನು ಸೇರಿಸಬೇಕು, ಸೇರಿಸಿದ್ದಾರೆಯೇ ಎಂದು ನಾವು ಕೇಳುತ್ತಿರಬೇಕು.